ಎಳ್ಳಿನ ಮನೆತನದ ಆಣೆ

ಅನಿಲಕುಮಾರ ಎಳ್ಳಿನ ಎಂಬವನು ಮನುಷ್ಯರನ್ನು ಅಳೆಯಲು ಮುಖ ನೋಡುತ್ತಿರಲಿಲ್ಲ, ಅಡ್ಡಹೆಸರು ಕೇಳುತ್ತಿದ್ದ. ಬೆಲ್ಲದ ಎಂದರೆ ಬೆಲ್ಲ ಮಾರಿದವರು, ಅಂಗಡಿ ಎಂದರೆ ಅಂಗಡಿ ಇಟ್ಟವರು, ಹೂಗಾರ ಎಂದರೆ ಗುಡಿಗೆ ಹೂವು ಕೊಟ್ಟವರು. ಇಷ್ಟು ತಿಳಿಯಲು ಪಂಡಿತ ಬೇಕಿಲ್ಲ. ಆದರೆ ಮುಂಬಯಿಗೆ ಬಂದು ನಾಲ್ಕು ಕಾಸು ಕಂಡ ಮಂದಿಗೆ ಬೆಲ್ಲ, ಉಪ್ಪು, ಮೆಣಸಿನಕಾಯಿ ಸಾಲುವುದಿಲ್ಲ. ಹೆಸರಿನ ಹಿಂದೆ ಒಬ್ಬ ದಂಡನಾಯಕ ನಿಂತಿರಬೇಕು, ಒಂದು ಕೋಟೆ ಇರಬೇಕು, ಏನೂ ಇಲ್ಲದಿದ್ದರೆ ಅರಸನ ಕುದುರೆಯಾದರೂ ಕೆನೆಯಬೇಕು. ಅದನ್ನು ಹುಟ್ಟಿಸಿಕೊಡುವುದೇ ಅನಿಲಕುಮಾರನ ವಿದ್ಯೆ. ಪರೇಲಿನ ಕಾಲೇಜಿನಲ್ಲಿ ಕನ್ನಡ ಕಲಿಸುವುದು ಅವನ ನೌಕರಿ, ಕಂಡವರಿಗೆ ಪೂರ್ವಜರನ್ನು ಹಂಚುವುದು ಅವನ ಕೀರ್ತಿ. ಸಯನ್‌ನಿಂದ ಡೊಂಬಿವಲಿಯವರೆಗೆ ಯಾವ ಕನ್ನಡ ಸಂಘದ ವಾರ್ಷಿಕೋತ್ಸವವಾದರೂ ಅವನದೊಂದು ಭಾಷಣ, ಅವನ ಹೆಗಲಿಗೊಂದು ಶಾಲು. ಶಾಲು ಹೊದೆಸಿಕೊಳ್ಳುವಾಗ ಅವನು ಒಳಗೊಳಗೇ ನಗುತ್ತಿದ್ದ. ಕತ್ತೆಗೆ ಜೀನು ಕಟ್ಟಿದರೆ ತಾನು ಕುದುರೆಯೆಂದು ಮೊದಲು ನಂಬುವುದು ಕತ್ತೆಯೇ ಎನ್ನುವುದು ಅವನ ಸಿದ್ಧಾಂತವಾಗಿತ್ತು.

ಆ ಕೀರ್ತಿಗೆ ಕಲ್ಲು ಬಿದ್ದದ್ದು ದಸರೆಯ ಸಭೆಯಲ್ಲಿ. ಶರಣಬಸಪ್ಪ ಹಗ್ಗದ ಎಂಬ ಕಂತ್ರಾಟುದಾರ, ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ದೊಡ್ಡವನಾದವನು, ಘಾಟ್ಕೋಪರಿನಲ್ಲಿ ಸಂಘಕ್ಕೆ ಭವನ ಕಟ್ಟಿಸಿಕೊಡುತ್ತಿದ್ದ. ಅನಿಲಕುಮಾರ ಅವನಿಗೆ ಆನೆಗಳನ್ನು ದಯಪಾಲಿಸಿದ. ಹಗ್ಗದ ಮನೆತನದವರು ಅರಸರ ಗಜಶಾಲೆಯ ಅಧಿಕಾರಿಗಳು, ಯುದ್ಧದಾನೆಗಳ ಹಗ್ಗ ಅವರ ಕೈಯಲ್ಲಿತ್ತು, ಅದಕ್ಕೇ ಆ ಹೆಸರು ಎಂದು ಅರ್ಧ ಗಂಟೆ ವರ್ಣಿಸಿದ. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಅಧ್ಯಕ್ಷರಾಗಿ ಕೂತಿದ್ದ ಚನ್ನಬಸಯ್ಯ ಬೂದಿಮಠ ಎದ್ದುನಿಂತರು. ಅವರು ಅದೇ ಕಾಲೇಜಿನಿಂದ ನಿವೃತ್ತರಾದ ಹಿರಿಯರು. ಹಲ್ಲಿಲ್ಲದ ಬಾಯಿ, ಇಸ್ತ್ರಿ ಕಾಣದ ಅಂಗಿ, ಮಾತು ಮಾತ್ರ ಮೆಲ್ಲಗೆ.

"ಆನಿ ಇದ್ದೂವೋ ಇಲ್ಲೋ ನನಗ ಗೊತ್ತಿಲ್ಲ ಶರಣಬಸಪ್ಪ. ನಿಮ್ಮ ಹಿರ್‍ಯಾರು ಬಾವಿ ಹಗ್ಗ ಹೊಸೀತಿದ್ರು. ನಿಮ್ಮೂರಿಗೆ ಹೋಗಿ ಕೇಳಿಕೊಂಡ ಬಂದೇನಿ. ಆ ಹಗ್ಗ ಇಲ್ಲಂದ್ರ ಸುತ್ತಿನ ಹಳ್ಳಿ ಮಂದಿಗೆ ಕುಡ್ಯಾಕ ನೀರಿರಲಿಲ್ಲ."

ಕಂತ್ರಾಟುದಾರ ಈಗ ಸಿಡಿದೇಳುತ್ತಾನೆ, ಮುದುಕನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ ಎಂದು ಅನಿಲಕುಮಾರ ಕಾದ. ಶರಣಬಸಪ್ಪ ವೇದಿಕೆ ಹತ್ತಿ ಬಂದ, ತನ್ನ ಅಂಗೈಯನ್ನೇ ನೋಡಿಕೊಂಡ. ಅಜ್ಜನ ಅಂಗೈ ಯಾಕೆ ಹಾಗೆ ದಡ್ಡುಗಟ್ಟಿತ್ತು ಎನ್ನುವುದು ತನಗೆ ಇವತ್ತು ತಿಳಿಯಿತು ಎಂದು ಅತ್ತ. ಅತ್ತು, ಚನ್ನಬಸಯ್ಯನವರ ಕಾಲು ಹಿಡಿದ. ಆನೆಗಳನ್ನು ಕೇಳುವವರೇ ಇರಲಿಲ್ಲ.

ಅಲ್ಲಿಂದ ಮುಂದೆ ಮಂದಿ ಸಯನ್‌ನ ಆ ಮುದುಕನ ಮನೆಗೆ ಸಾಲುಗಟ್ಟಿದರು. ಅನಿಲ ಸರ್ ಹೇಳಿದ್ದು ಖರೇನೋ ಸುಳ್ಳೋ ಎಂದು ಕೇಳಿಕೊಂಡು, ದಂಡನಾಯಕರನ್ನು ಬಾಗಿಲಲ್ಲೇ ಬಿಟ್ಟು, ಗಾಣ, ಮಗ್ಗ, ತಕ್ಕಡಿಗಳನ್ನು ಖುಷಿಯಿಂದ ಹೊತ್ತುಕೊಂಡು ಹೋಗುತ್ತಿದ್ದರು. ಸಂಘದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜನವರಿಯ ಕೊನೆಗೆ ಹೊಸ ಭವನದ ಉದ್ಘಾಟನೆ, ಅವತ್ತು ಮುಂಬಯಿ ಕನ್ನಡಿಗರ ಎಲ್ಲ ಮನೆತನಗಳ ಹೆಸರಿನ ಮೇಲೆ ಚನ್ನಬಸಯ್ಯನವರ ಭಾಷಣ ಎಂದು ಗೊತ್ತುಮಾಡಿದರು. ಇಪ್ಪತ್ತು ವರ್ಷ ತಾನು ಕಟ್ಟಿದ ಕೋಟೆಗಳೆಲ್ಲ ಒಂದೇ ಸಂಜೆಯಲ್ಲಿ, ಮೈಕಿನ ಮುಂದೆ, ಬೊಚ್ಚುಬಾಯಿಯಿಂದ ಉದುರಿಹೋಗುವುದನ್ನು ಮೊದಲ ಸಾಲಿನಲ್ಲಿ ಕೂತು ಕೇಳಬೇಕು. ಕೇಳಿ ಆದಮೇಲೆ ಈ ಊರಿನಲ್ಲಿ ತಾನು ಯಾರು? ಬರೀ ಎಳ್ಳು ಮಾರಿದವನ ಮರಿಮಗ. ಅನಿಲಕುಮಾರ ಆ ಸಂಜೆ ಬರದಂತೆ ಮಾಡಲು ನಿಶ್ಚಯಿಸಿದ, ಮತ್ತು ನಿಶ್ಚಯಿಸಿದ ಮೇಲೆ ಅವನಿಗೆ ಊಟ ಚೆನ್ನಾಗಿ ಸೇರತೊಡಗಿತು.

ಉಪಾಯ ಅವನ ಹೆಸರಿನಲ್ಲೇ ಇತ್ತು. ಊರವರಿಗೆಲ್ಲ ಆನೆ ಕುದುರೆ ಹಂಚುವಾಗ ಅವನು ತನಗೆಂದು ಇನ್ನೂ ನಾಜೂಕಾದದ್ದನ್ನು ಇಟ್ಟುಕೊಂಡಿದ್ದ. ಬರಗಾಲದ ವರ್ಷ, ಹಸಿದ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಬಂದು ಅವರ ಮೂಲಪುರುಷನ ಬಾಗಿಲಲ್ಲಿ ಒಂದು ಹಿಡಿ ಎಳ್ಳು ಬೇಡಿದಳಂತೆ. ನೆಲದೊಳಗಿನ ಹಗೇವು ತುಂಬ ಎಳ್ಳಿದ್ದೂ ಅವನು ಇಲ್ಲವೆಂದನಂತೆ. ಕೂಸು ಆ ಕಟ್ಟೆಯ ಮೇಲೆಯೇ ಕಣ್ಣುಮುಚ್ಚಿತಂತೆ. ಅವತ್ತು ಆ ಮನುಷ್ಯ, ನನ್ನ ವಂಶದವರು ಯಾರೂ ಎಳ್ಳು ತಿನ್ನಬಾರದು, ಕೈಯಿಂದ ಮುಟ್ಟಬಾರದು, ತಪ್ಪಿನ ನೆನಪಿಗೆ ಎಳ್ಳಿನ ಎಂದೇ ಕರೆಸಿಕೊಳ್ಳಬೇಕು ಎಂದು ಆಣೆ ಹಾಕಿದನಂತೆ. ಈ ಕತೆಗೆ ಅಳದ ಹೆಂಗಸು ಮುಂಬಯಿಯಲ್ಲಿ ಇರಲಿಲ್ಲ. ಪ್ರತಿ ಸಂಕ್ರಾಂತಿಗೆ ಯಾರಾದರೂ ಎಳ್ಳುಬೆಲ್ಲ ನೀಡಿದರೆ ಅನಿಲಕುಮಾರ ಕೈ ಮುಗಿದು ಹಿಂದೆ ಸರಿಯುತ್ತಿದ್ದ, ನೀಡಿದವರೇ ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳುತ್ತಿದ್ದರು. ಕತೆ ಮಾತ್ರ ಅವನು ಲೋಕಲ್ ಟ್ರೇನಿನಲ್ಲಿ ಕುರ್ಲಾದಿಂದ ದಾದರ್ ಮುಟ್ಟುವಷ್ಟರಲ್ಲಿ ಹೊಸೆದದ್ದು. ಮುತ್ತಜ್ಜ ಸಂತೆಯಲ್ಲಿ ಎಳ್ಳು ಮಾರುತ್ತಿದ್ದ, ಅಳತೆಯಲ್ಲಿ ಕೈಚಳಕ ಮಾಡುತ್ತಿದ್ದ, ಅಷ್ಟೇ. ಅನಿಲಕುಮಾರ ಒಂಟಿಯಾಗಿ ಇದ್ದ ಘಾಟ್ಕೋಪರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಎಳ್ಳಿನ ಚಿಕ್ಕಿ ಕಡಿದರೆ ಕೇಳುವವರು ಯಾರು?

ತಮಾಷೆಯೆಂದರೆ, ಆನೆಗಳನ್ನು ಹಿಡಿದುಹಾಕಿದ ಚನ್ನಬಸಯ್ಯನವರು ಎಳ್ಳನ್ನು ಹಾಗೇ ನುಂಗಿದ್ದರು. ನಿಮ್ಮ ಮನೆತನದ ಕತೆಯಿಂದಲೇ ಭಾಷಣ ಶುರು ಮಾಡುತ್ತೇನೆ, ತಪ್ಪನ್ನು ಹೆಸರಿನಲ್ಲಿ ಹೊತ್ತುಕೊಂಡ ಮಂದಿ ಬಹಳ ಇಲ್ಲ ಎಂದು ಅವರು ಅವನ ಬೆನ್ನು ಸವರಿದ್ದರು. ಅವರ ಹೆಂಡತಿ ಶಿವಕುಮಾರಿಯಂತೂ ಕಣ್ಣೊರೆಸಿಕೊಂಡಿದ್ದಳು. ಅವಳ ತವರಿನವರು ಕುಂಬಳದ ಎನ್ನುವವರು, ಅವರಲ್ಲಿ ಕುಂಬಳಕಾಯಿ ಹೆಚ್ಚುವುದಿಲ್ಲ. ಮದುವೆಯಾಗಿ ಬೂದಿಮಠವಾಗಿ ನಲವತ್ತು ವರ್ಷವಾದರೂ ಮಾಟುಂಗಾ ಮಾರ್ಕೆಟ್ಟಿನಲ್ಲಿ ಹೋಳು ಮಾಡಿಟ್ಟ ಕುಂಬಳ ಕಂಡರೆ ಅವಳು ಮುಖ ತಿರುಗಿಸಿ ಆಚೆ ಬದಿಯಿಂದ ಹೋಗುತ್ತಾಳೆ. ಹೆಸರು ಹೋದರೂ ಹುಚ್ಚು ಹೋಗಲಿಲ್ಲ ಎಂದು ಅನಿಲಕುಮಾರ ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿ ನಗಿಸುತ್ತಿದ್ದ.

ಯೋಜನೆಯನ್ನು ಅವನು ಭಾಷಣದಂತೆ ಕಟ್ಟಿದ. ಸಂಕ್ರಾಂತಿಗೆ ಶಿವಕುಮಾರಿ ಎಲ್ಲರಿಗಾಗಿ ಗಟ್ಟಿ ಎಳ್ಳುಂಡೆ ಮಾಡುತ್ತಾಳೆ. ಗಂಡನಿಗೆ ಹಲ್ಲಿಲ್ಲ. ಅವರಿಗೆಂದು ಎಳ್ಳು ಬೆಲ್ಲ ನುಣ್ಣಗೆ ಕುಟ್ಟಿ ಎರಡೇ ಎರಡು ಮೆತ್ತನೆ ಚಿಗಳಿ ಉಂಡೆ ಕಟ್ಟಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು, ಪಡಸಾಲೆಯ ಕಪಾಟಿನ ಮೇಲೆ ಇಡುತ್ತಾಳೆ. ಸಕ್ಕರೆ ಕಾಯಿಲೆ ಇರುವುದರಿಂದ ಮೂರನೆಯದು ಇಲ್ಲ. ಅದನ್ನು ಆ ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ. ವರ್ಷ ವರ್ಷವೂ ಹಬ್ಬದ ದಿನ ಭೇಟಿಯಾಗಿ ಬರುತ್ತಿದ್ದ ಅನಿಲಕುಮಾರನಿಗೆ ಇದೆಲ್ಲ ಕಣ್ಣಿಗೆ ಕಟ್ಟಿದಂತಿತ್ತು, ಈ ಸಲ ಮೊದಲ ಬಾರಿಗೆ ಊಟಕ್ಕೂ ಕರೆದಿದ್ದರು. ಹಾಗೆಯೇ ಕಾಣುವ ಎರಡು ಉಂಡೆ ಅವನು ಮನೆಯಲ್ಲಿ ಕಟ್ಟಿದ. ಅದರಲ್ಲಿ ಬೆರೆಸಿದ ಪುಡಿ ಎಲ್ಲಿಂದ ಬಂತು ಎನ್ನುವುದನ್ನು ಅವನು ತನಗೇ ಮರೆಸಿಬಿಟ್ಟಿದ್ದ. ಹೋಗುವುದು, ಬದಲಾಯಿಸುವುದು, ಉಂಡು ಬರುವುದು.

ಸಂಶಯ ಬಂದರೆ? ಬರಲಿ. ಹಬ್ಬದ ದಿನ ಬಿಲ್ಡಿಂಗಿನ ಪ್ರತಿ ಮನೆಯಿಂದ ಒಂದೊಂದು ತಟ್ಟೆ ಎಳ್ಳುಂಡೆ ಬರುತ್ತದೆ, ಯಾವುದು ಯಾರದೆಂದು ದೇವರೇ ಹೇಳಬೇಕು. ಅದೂ ಸಾಲದಿದ್ದರೆ, ಉಂಡೆ ಕಟ್ಟಿದ ಕೈ ಶಿವಕುಮಾರಿಯದು. ಮುದುಕಿ ಸಿಕ್ಕಿಬಿದ್ದರೆ ಬೀಳಲಿ, ಕುಂಬಳಕಾಯಿಗೆ ಹೆದರುವವಳು ಜೈಲಿಗೂ ಹೆದರಿಕೊಂಡು ಹೋಗುತ್ತಾಳೆ. ಆದರೆ ಎಳ್ಳು ಮುಟ್ಟದ ಮನೆತನದವನು ಎಳ್ಳುಂಡೆಯಲ್ಲಿ ವಿಷ ಬೆರೆಸಿದ ಎಂದು ಯಾವ ಬುದ್ಧಿವಂತ ಹೇಳಿಯಾನು? ಅವನ ಚೀಲದಲ್ಲಿ ಎಳ್ಳು ಹುಡುಕುವ ಯೋಚನೆಯಾದರೂ ಯಾರಿಗೆ ಬಂದೀತು? ಸಂಘ ಸಂಘಗಳಲ್ಲಿ ಕಣ್ಣೀರು ಹಾಕಿದ ಹೆಂಗಸರೆಲ್ಲ ಅವನ ಸಾಕ್ಷಿಗಳು. ಉಳಿದವರ ಹೆಸರು ಅವರ ಹಿರಿಯರ ಕತೆ ಹೇಳುತ್ತದೆ, ತನ್ನ ಹೆಸರು ತನ್ನ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ಅವನು ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದ. ಮುಂದಿನ ಎರಡು ಹಲ್ಲುಗಳ ನಡುವೆ ಅವನಿಗೆ ಒಂದು ಸಂದಿ ಇತ್ತು. ಅದು ಅದೃಷ್ಟದ ಲಕ್ಷಣ ಎಂದು ಅವನ ತಾಯಿ ಹೇಳುತ್ತಿದ್ದಳು.

ಹಬ್ಬದ ದಿನ ಅವನು ಊಟದ ಹೊತ್ತಿಗಿಂತ ಸ್ವಲ್ಪ ಮುಂಚೆಯೇ ಸಯನ್ ತಲುಪಿದ. ಶಿವಕುಮಾರಿ ಅಡುಗೆಮನೆಯಲ್ಲಿದ್ದಳು. ಚನ್ನಬಸಯ್ಯನವರು ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ಧನರಾಜ್ ಗಾಳಿಪಟ ನೋಡಲು ಟೆರೇಸಿಗೆ ಹೋಗಿದ್ದ. ಪಡಸಾಲೆಯಲ್ಲಿ ಅನಿಲಕುಮಾರ, ಕಪಾಟು, ಡಬ್ಬಿ, ಮೂವರೇ. ಡಬ್ಬಿಯಲ್ಲಿ ನಿರೀಕ್ಷಿಸಿದಂತೆ ಎರಡು ಉಂಡೆ. ಅವನ್ನು ಕರವಸ್ತ್ರದಲ್ಲಿ ಸುತ್ತಿ ಹೆಗಲಚೀಲಕ್ಕೆ ಹಾಕಿ, ತನ್ನವೆರಡನ್ನು ಇಟ್ಟು, ಮುಚ್ಚಳ ಮುಚ್ಚಿ ಅವನು ಕುರ್ಚಿಯಲ್ಲಿ ಕೂತಾಗ ಪೂಜೆಯ ಗಂಟೆ ಇನ್ನೂ ನಿಂತಿರಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಯೋಚಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸ್ವಲ್ಪ ಬೇಸರವಾಯಿತು.

ಊಟಕ್ಕೆ ನೆಲದ ಮೇಲೆ ಸಾಲಾಗಿ ಕೂತರು. ಎಣಗಾಯಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಹಬ್ಬಕ್ಕೆಂದು ಮೊದಲೇ ಬಡಿದು ಬುಟ್ಟಿಯಲ್ಲಿ ಜೋಡಿಸಿಟ್ಟ ಖಡಕ್ ಸಜ್ಜೆ ರೊಟ್ಟಿ. ಮುದುಕರು ತಮ್ಮ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಹಾಕಿಕೊಂಡರು. ಶಿವಕುಮಾರಿ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಬೇರೆ ನಾಲ್ಕು ರೊಟ್ಟಿ ತಂದು, ಇವು ನಿಮಗ ಎಂದು ಅನಿಲಕುಮಾರನ ತಾಟಿನ ಕಡೆ ಚಾಚಿದಳು. ಅವು ಮೆತ್ತಗೆ, ಬಿಳಿಚಿಕೊಂಡು, ಮಡಿಕೆಯಾಗಿದ್ದವು. ಬೊಚ್ಚುಬಾಯಿಯವನಿಗೆಂದು ಬಡಿದು ಮಿಕ್ಕಿದ್ದನ್ನು ಅತಿಥಿಯ ತಾಟಿಗೆ ದಾಟಿಸುತ್ತಿದ್ದಾಳೆ, ಜಿಪುಣರ ಜಾತಿಯೇ ಇಷ್ಟು ಎಂದುಕೊಂಡ ಅವನು.

"ಅವು ಇರಲಿ ಬಿಡ್ರಿ ವೈನಿ, ನನಗ ಖಡಕ್ಕ ಬೇಕು," ಎಂದು ಬುಟ್ಟಿಗೆ ತಾನೇ ಕೈಹಾಕಿದ.

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತುಣುಕು ಮುರಿದು ಎಣಗಾಯಿಯಲ್ಲಿ ಅದ್ದಿ ಬಾಯಿಗೆ ಇಟ್ಟಿದ್ದ. ಅವಳು ಬಟ್ಟೆಯ ಗಂಟನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ಸಿಕ್ಕಿಬಿದ್ದ ನಾಚಿಕೆ, ಎಂದು ಅನಿಲಕುಮಾರ ಅರ್ಥಮಾಡಿಕೊಂಡ. ರೊಟ್ಟಿ ಚೆನ್ನಾಗಿತ್ತು. ಅವನು ಒಂದಾದ ಮೇಲೊಂದು ಮೂರು ತಿಂದ. ಕಣ್ಣು ಮಾತ್ರ ಕಪಾಟಿನ ಮೇಲಿನ ಡಬ್ಬಿಯನ್ನು ಬಿಟ್ಟು ಆಚೆ ಹೋಗಲಿಲ್ಲ.

ಊಟ ಮುಗಿದ ಮೇಲೆ ಧನರಾಜ್ ಗಟ್ಟಿ ಎಳ್ಳುಂಡೆಯ ತಟ್ಟೆ ತಂದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ಅವನ ಬಾಯಲ್ಲಿ ಕುಂಟುತ್ತಿತ್ತು. ತಿಳ್‌ಗುಳ್ ಘ್ಯಾ ಅಂಕಲ್ ಎಂದು ಮರಾಠಿಯಲ್ಲಿ ಎಳ್ಳುಬೆಲ್ಲ ನೀಡಿದವನು ತಟ್ಟನೆ ನೆನಪಾಗಿ, ಸಾರಿ, ನಿಮ್ದು ಚಲ್ತಾ ನಹೀಂ ಅಲ್ಲಾ ಎಂದು ತಟ್ಟೆ ಹಿಂದೆಗೆದ. ಅನಿಲಕುಮಾರ ಕೈ ಮುಗಿದು, ಕಣ್ಣು ಅರೆಮುಚ್ಚಿ, ಮೂಲಪುರುಷನನ್ನು ನೆನೆಸಿಕೊಂಡ. ಚನ್ನಬಸಯ್ಯನವರು ಡಬ್ಬಿಯಿಂದ ಒಂದು ಉಂಡೆ ತಿಂದರು, ಬೆರಳು ನೆಕ್ಕಿಕೊಂಡು ಇನ್ನೊಂದನ್ನೂ ತಿಂದರು. ಎಳ್ಳು ಬೆಲ್ಲ ಕೂಡಿದ್ಹಾಂಗ ನಾವೂ ನೀವೂ ಕೂಡಿ ಇರೂಣು ಎಂದು ಅವನ ಕೈ ಹಿಡಿದು ಹಾರೈಸಿದರು. ಆ ಕೈ ಬೆಚ್ಚಗಿತ್ತು. ಅನಿಲಕುಮಾರನಿಗೆ ಅಸಹ್ಯವಾಯಿತು, ಆದರೂ ಮುಗುಳ್ನಕ್ಕ.

ಅಲ್ಲಿಂದ ಎದ್ದು ಹೊರಡುವುದು ಅವನ ಲೆಕ್ಕ. ಸ್ಟೇಶನ್ನಿನ ಕಸದ ತೊಟ್ಟಿಯಲ್ಲಿ ಕರವಸ್ತ್ರ ಬಿಸಾಡಿದರೆ ಹಬ್ಬ ಮುಗಿಯಿತು. ಪುಡಿ ಅವನು ಅಂದುಕೊಂಡದ್ದಕ್ಕಿಂತ ಚುರುಕಾಗಿತ್ತು. ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಮುದುಕರು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದರು. ಈಗ ಹೊರಟುಹೋದರೆ ಕೆಟ್ಟದಾಗಿ ಕಾಣುತ್ತದೆ ಎಂದು ಅವನು ಟ್ಯಾಕ್ಸಿ ಕರೆದ, ಕಾಲಿನ ಕಡೆ ತಾನೇ ಹಿಡಿದು ಎತ್ತಿದ, ದಾರಿಯುದ್ದಕ್ಕೂ ಧೈರ್ಯ ಹೇಳಿದ. ಹತ್ತಿರದ ಆಸ್ಪತ್ರೆಯ ಕಾರಿಡಾರಿನಲ್ಲಿ, ಚೀಲವನ್ನು ಹೆಗಲಿನಿಂದ ಇಳಿಸದೆ, ಧನರಾಜನ ಭುಜ ತಟ್ಟುತ್ತ ನಿಂತಾಗ ಅವನನ್ನು ನೋಡಿದವರು ಸ್ವಂತ ತಮ್ಮನೆಂದೇ ತಿಳಿಯಬೇಕು. ಬಿಸಿಲು ಇಳಿಯುವ ಮೊದಲೇ ಡಾಕ್ಟರು ಹೊರಗೆ ಬಂದು ತಲೆಯಾಡಿಸಿದರು. ಶಿವಕುಮಾರಿ ಅಳಲಿಲ್ಲ. ಬೆಂಚಿನ ಮೇಲೆ ಕೂತು, ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಡಾಕ್ಟರಿಗೆ ಸಾವಿನ ಲಕ್ಷಣ ಹಿಡಿಸಲಿಲ್ಲ, ಪೊಲೀಸರಿಗೆ ಹೇಳಿಕಳಿಸಿದರು. ಬಂದ ಇನ್‌ಸ್ಪೆಕ್ಟರ್ ಜತ್ತ ಕಡೆಯವನು, ಮರಾಠಿಯಷ್ಟೇ ಸಲೀಸಾಗಿ ಗಡಿಯ ಕನ್ನಡ ಆಡುತ್ತಿದ್ದ. ದಪ್ಪ ಮನುಷ್ಯ, ನಿದ್ದೆಗಣ್ಣು. ಇಂಥವನಿಗೆ ಹೆದರಬೇಕಾದದ್ದು ಏನೂ ಇಲ್ಲ ಎಂದು ಅನಿಲಕುಮಾರನಿಗೆ ನೋಡಿದ ಕೂಡಲೇ ಅನ್ನಿಸಿತು. ಯಾರು ಯಾರು ಏನೇನು ತಿಂದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದ. ಧನರಾಜ್ ತೊದಲುತ್ತ ಹೇಳಿದ: ಊಟ ಎಲ್ಲರದೂ ಒಂದೇ, ತಟ್ಟೆಯ ಎಳ್ಳುಂಡೆ ತಾನೂ ಆಯಿಯೂ ತಿಂದೆವು, ಡಬ್ಬಿಯಲ್ಲಿದ್ದ ಮೆತ್ತನೆಯ ಉಂಡೆ ಬಾಬಾ ಒಬ್ಬರೇ ತಿಂದರು, ಅದನ್ನು ಆಯಿ ಕಟ್ಟಿದ್ದಳು. ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಹುಡುಗನಿಗೆ ಹೊಳೆಯಿತು. ಇನ್‌ಸ್ಪೆಕ್ಟರನ ನಿದ್ದೆಗಣ್ಣು ನಿಧಾನವಾಗಿ ಬೆಂಚಿನ ಕಡೆ ಹೊರಳಿತು. ಎಲ್ಲವೂ ಬರೆದಿಟ್ಟಂತೆ ನಡೆಯುತ್ತಿದೆ ಎಂದು ಅನಿಲಕುಮಾರ ಉಸಿರು ಬಿಟ್ಟ.

ನೀವು, ಎಂದು ಇನ್‌ಸ್ಪೆಕ್ಟರ್ ಅವನ ಕಡೆ ತಿರುಗಿದ. ನೀವು ಉಂಡೆ ತಿನ್ನಲಿಲ್ಲವೇ?

ಈ ಪ್ರಶ್ನೆಗಾಗಿಯೇ ಅನಿಲಕುಮಾರ ಇಷ್ಟು ವರ್ಷ ರಿಯಾಜು ಮಾಡಿದ್ದ. ಕೈ ಮುಗಿದ, ದನಿ ತಗ್ಗಿಸಿದ. ಬರಗಾಲ, ಹಸಿದ ತಾಯಿ, ಕಟ್ಟೆಯ ಮೇಲಿನ ಕೂಸು, ಯಾವುದನ್ನೂ ಬಿಡಲಿಲ್ಲ. ನರ್ಸೊಬ್ಬಳು ಕೂಡ ನಿಂತು ಕೇಳಿದಳು. "ನಾವು ಎಳ್ಳಿನ ಮನೆತನದವರು ಸಾಹೇಬರ. ತಿನ್ನೂದು ದೂರ ಉಳೀತು, ಏಳು ತಲಿಯಿಂದ ನಾವು ಎಳ್ಳು ಕೈಲೆ ಮುಟ್ಟಿಲ್ಲ. ಇಡೀ ಮುಂಬಯಿಗೆ ಗೊತ್ತದ. ಬೇಕಂದ್ರ ಇವರನ್ನ ಕೇಳ್ರಿ," ಎಂದು ಉದಾರವಾಗಿ ಬೆಂಚಿನ ಕಡೆ ಕೈ ತೋರಿಸಿದ.

ಶಿವಕುಮಾರಿ ಕನ್ನಡಕ ಒರೆಸುವುದನ್ನು ನಿಲ್ಲಿಸಿದಳು. ಅವಳ ದನಿಯಲ್ಲಿ ಆರೋಪ ಇರಲಿಲ್ಲ, ಅತಿಥಿಗೆ ಅಪಚಾರವಾಯಿತಲ್ಲ ಎಂಬ ಸಂಕೋಚವಷ್ಟೇ ಇತ್ತು. "ಖರೇ ಅದ ಸಾಹೇಬರ. ಅದಕ್ಕ ನಮ್ಮ ಮನಿಯವರು ಮುಂಜಾನೇನ ನನಗ ಹೇಳಿದ್ರು, ಅನಿಲಪ್ಪಗ ಎಳ್ಳು ನಡ್ಯಂಗಿಲ್ಲ, ಎಳ್ಳ ಹಚ್ಚಲಾರದ ರೊಟ್ಟಿ ಬ್ಯಾರೆ ಬಡಿ ಅಂತ. ನಾಕು ಬಡದು ಬಟ್ಟ್ಯಾಗ ಸುತ್ತಿ ಇಟ್ಟಿದ್ದೆ. ಅನಿಲಪ್ಪನವರು ಅವನ್ನ ಬ್ಯಾಡಂದು, ಬುಟ್ಟ್ಯಾಗಿನ ಎಳ್ಳ ಹಚ್ಚಿದ್ದು ಮೂರು ತಿಂದ್ರು. ಆಣಿ ಮರತಿರಬೇಕು ಅಂತ ನಾ ಸುಮ್ಮನಾದೆ. ಉಣ್ಣೂ ಮುಂದ ಹ್ಯಾಂಗ ಹೇಳೂದು?" ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚದ ಮನೆ ಗಡಿಯ ಆಚೆಯೂ ಇಲ್ಲ, ಈಚೆಯೂ ಇಲ್ಲ. ಅದು ಜತ್ತ ಕಡೆಯ ಇನ್‌ಸ್ಪೆಕ್ಟರನಿಗೂ ಗೊತ್ತಿತ್ತು, ಅನಿಲಕುಮಾರನಿಗೂ ಹುಟ್ಟಿದಾಗಿನಿಂದ ಗೊತ್ತಿತ್ತು. ಆಣೆ ಹೊತ್ತವನಾಗಿದ್ದರೆ ಬುಟ್ಟಿ ದೂರದಿಂದ ಕಂಡ ಕೂಡಲೇ ಅವನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆದ, ನಾಲಿಗೆ ಮುಂದಿನ ಹಲ್ಲುಗಳ ಸಂದಿಗೆ ಹೋಯಿತು, ಅಲ್ಲಿ ಸಣ್ಣದೊಂದು ಕಾಳು ತಡೆಯಿತು. ಇನ್‌ಸ್ಪೆಕ್ಟರ್ ಅವನ ಬಾಯನ್ನೇ ನೋಡಿದ. ರೊಟ್ಟಿಯ ಎಳ್ಳು ತಿಂದವನು ಉಂಡೆಯ ಎಳ್ಳಿಗೆ ಯಾಕೆ ಕೈ ಮುಗಿದ ಎಂದು ಅವನು ಕೇಳಲಿಲ್ಲ. ಹೆಗಲಚೀಲ ಇಲ್ಲಿ ಕೊಡಿ ಎಂದು ಕೈ ಚಾಚಿದ.